ನಡುವೆ ಬಾಗಿಲು ತೆಗೆಯಬಾರದು

ಹೇಳಿಬಿಡಬೇಕು. ಹೋದ ಕೂಡಲೇ, ಕೂರುವ ಮೊದಲೇ, ಚಪ್ಪಲಿ ಬಿಡುವಾಗಲೇ ಹೇಳಿ ಮುಗಿಸಬೇಕು ಎಂದು ಚೂಡಾಮಣಿ ಆಟೋದಲ್ಲಿ ಕೂತು ತುಟಿ ಅಲ್ಲಾಡಿಸುತ್ತಿದ್ದಳು. ಮೊಟ್ಟೆ ಹಾಕು ಅಂದದ್ದು ನಾನು. ನಾಲ್ಕೇ ಪದ. ತ್ಯಾಗರಾಜನಗರದ ಮನೆಯ ಗೇಟು ಹಾಕುವಾಗ ಅವು ಸಲೀಸಾಗಿ ಬರುತ್ತಿದ್ದವು. ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿಗೆ ಆಟೋ ನಿಂತಾಗ ಅವಕ್ಕೊಂದು ಪೀಠಿಕೆ ಬೇಕು ಅನ್ನಿಸಿತು. ಜಯನಗರ ನಾಲ್ಕನೇ ಬ್ಲಾಕು ದಾಟುವಷ್ಟರಲ್ಲಿ ಪೀಠಿಕೆ ಎಷ್ಟು ಬೆಳೆದಿತ್ತೆಂದರೆ ಅದರಲ್ಲಿ ಆ ನಾಲ್ಕು ಪದಗಳಿಗೆ ಜಾಗವೇ ಉಳಿದಿರಲಿಲ್ಲ. ಸುದ್ದಗುಂಟೆಪಾಳ್ಯದಲ್ಲಿ ಎಲ್ಲಿಗೆ ಅಜ್ಜಿ, ಎಂದು ಆಟೋದವನು ಕನ್ನಡಿಯಲ್ಲಿ ನೋಡಿ ಕೇಳಿದ. ಮೂವತ್ತನಾಲ್ಕು ವರ್ಷ ಕಾಲೇಜಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟಾಗಿದ್ದು, ಪ್ರೊಫೆಸರುಗಳಿಂದಲೂ ಮೇಡಂ ಅನ್ನಿಸಿಕೊಂಡಿದ್ದವಳಿಗೆ ಆ ಅಜ್ಜಿ ಎಂಬ ಮಾತು ಸರಿಯಾಗಿ ಚುಚ್ಚಿತು. ಒಂದು ಹುಡುಗಿಯ ಬದುಕು ಇವತ್ತು ತನ್ನ ನಾಲಗೆಯ ತುದಿಯಲ್ಲಿ ನಿಂತಿರುವಾಗಲೂ ಅದು ಚುಚ್ಚಿತಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ತಾನೇನೂ ಅಷ್ಟು ಕೆಟ್ಟವಳಲ್ಲ ಎಂಬ ಸಮಾಧಾನವೂ ಆಯಿತು. ಹೀಗೆ ತನ್ನನ್ನು ತಾನೇ ಬೈದುಕೊಂಡು ತಾನೇ ಬೆನ್ನು ತಟ್ಟಿಕೊಳ್ಳುವ ಆಟದಲ್ಲಿ ಚೂಡಾಮಣಿ ಚಿಕ್ಕಂದಿನಿಂದಲೂ ಪಳಗಿದ ಕೈ.

ಭಾನುವಾರ ಮೊಮ್ಮಗಳು ಸಮನ್ವಿತಾಳ ನಾಲ್ಕನೇ ಹುಟ್ಟುಹಬ್ಬ. ಕೇಕು ಕತ್ತರಿಸಿ ಹತ್ತು ನಿಮಿಷವಾಗಿರಲಿಲ್ಲ, ಮಗುವಿನ ತುಟಿ ಊದಿತು. ಕೆನ್ನೆ ಕತ್ತಿನ ಮೇಲೆಲ್ಲ ದದ್ದು ಎದ್ದವು, ಆಮೇಲೆ ಉಸಿರಿನಲ್ಲಿ ಸಿಳ್ಳೆಯಂಥ ಸದ್ದು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಮಗು ಸುಸೂತ್ರವಾಗಿ ಉಸಿರಾಡತೊಡಗಿದ ಮೇಲೆ ಡಾಕ್ಟರು, ಮೊಟ್ಟೆ ಏನಾದರೂ ತಿಂದಿದ್ದಾಳಾ ಎಂದು ಕೇಳಿದರು. ಆ ಗಾಬರಿಯಲ್ಲೂ ಚೂಡಾಮಣಿಯ ಗಂಡ ಸೇತುರಾಮ ನಕ್ಕುಬಿಟ್ಟರು. ನಮ್ಮ ಮನೇಲಾ ಸಾರ್? ಹೊರಗಿನ ಬಿಸ್ಕತ್ತಿನ ಪೊಟ್ಟಣಕ್ಕೂ ಹಸಿರು ಚುಕ್ಕೆ ಇದೆಯೇ ಎಂದು ಕನ್ನಡಕ ಏರಿಸಿ ನೋಡಿ ತರುವ ಮನೆ ಅದು. ಮೊಟ್ಟೆಯೇ ಬಾರದ ಮನೆಯಲ್ಲಿ ಮಗುವಿಗೆ ಮೊಟ್ಟೆ ಆಗುವುದಿಲ್ಲವೆಂದು ಯಾರಿಗೆ ಗೊತ್ತಾಗಬೇಕು? ಆಗ ಸೊಸೆ ಶರ್ವಾಣಿ ಮಗುವಿನ ತಲೆ ಸವರುತ್ತಿದ್ದ ಕೈ ನಿಲ್ಲಿಸಿ, ಕೇಕು, ಎಂದಳು. ಎಲ್ಲರೂ ಚೂಡಾಮಣಿಯ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ತಾನಾಗಿ ಸೆರಗು ಹಿಡಿದು ಬಾಯಿ ಒರೆಸಿಕೊಂಡಿತು. ಆಮೇಲೆ ಅದೇ ಬಾಯಿಂದ, ಆ ಹುಡುಗಿ ಹಾಕಿರಬೇಕು, ಎಂಬ ಮಾತು ಬಂತು. ಯೋಚಿಸಿ ಆಡಿದ್ದಲ್ಲ, ಬಿಕ್ಕಳಿಕೆಯಂತೆ ಬಂದದ್ದು. ಕೋತಿ ತಾನು ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸಿತಂತೆ ಎಂದು ಆಫೀಸಿನಲ್ಲಿ ಎಷ್ಟು ಜನರನ್ನು ಹಂಗಿಸಿದ್ದಳೋ ಅವಳಿಗೇ ಲೆಕ್ಕವಿಲ್ಲ. ಎರಡು ತುಂಡು ತಿಂದಿದ್ದ ಸೇತುರಾಮ ಮರುದಿನ ಜನಿವಾರ ಬದಲಿಸಿ, ಪಂಚಗವ್ಯ ಕುಡಿದು, ಆ ಕೇಕು ಬೆಂದದ್ದು ನಮ್ಮ ಓವನ್ನಿನಲ್ಲಿ ಅಲ್ಲ ಅಂದರೂ ಕೇಳದೆ ಅಡಿಗೆಮನೆಯ ಪುಟ್ಟ ಓವನ್ನಿಗೂ ಗೋಮೂತ್ರ ಚಿಮುಕಿಸಿದರು.

ಬೆಂದದ್ದು ಸುದ್ದಗುಂಟೆಪಾಳ್ಯದ ಮನೆಯಲ್ಲಿ. ಹೊರಗಿನಿಂದ ಅದು ಬೀದಿಯ ಇತರ ಬಾಡಿಗೆ ಮನೆಗಳಂತೆಯೇ ಕಾಣುತ್ತದೆ. ಎರಡು ಅಂತಸ್ತು, ಏಳು ಹುಡುಗಿಯರು, ಏಳು ಕೂಸುಗಳು. ಹೆರಿಗೆಯಾದ ಮೇಲೆ ಹೋಗಲು ದಿಕ್ಕಿಲ್ಲದವರಿಗೆ ಅಲ್ಲಿ ಒಂದು ವರ್ಷ ಜಾಗ. ಅಷ್ಟರಲ್ಲಿ ಒಂದು ಕೆಲಸ ಕಲಿತು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಬಿಡಬೇಕು. ನಿವೃತ್ತಿಯ ಮೇಲೆ ಯಾರೂ ಮೇಡಂ ಅನ್ನದೆ ಸೊರಗಿದ್ದ ಚೂಡಾಮಣಿ ಗುರುವಾರ ಗುರುವಾರ ಅಲ್ಲಿ ಮೊಟ್ಟೆಯಿಲ್ಲದ ಕೇಕು ಕಲಿಸಲು ಒಪ್ಪಿಕೊಂಡಿದ್ದಳು. ಮೊದಲ ದಿನವೇ ಅವಳ ಮೊಸರಿನ ಕೇಕು ಎಂದಿನಂತೆ ನಡುವೆ ಕುಸಿದು ತಗ್ಗಾಗಿ ಹೊರಬಂತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಪ್ಪಳದ ಕಡೆಯ ಶ್ವೇತಾ, ಇಪ್ಪತ್ತು ವರ್ಷದವಳು, ಬಿಟಿಎಂ ಲೇಔಟಿನ ಒಂದು ಬೇಕರಿಯಲ್ಲಿ ಎರಡು ವರ್ಷ ದುಡಿದು ಬಸುರಾಗಿ ಬಂದವಳು, ಅವಳೊಬ್ಬಳೇ ಹತ್ತಿರ ಬಂದು ಬಗ್ಗಿ ನೋಡಿ, "ಅಮ್ಮಾರ, ನಡುವ ಬಾಗ್ಲಾ ತಗೀಬ್ಯಾಡ್ರಿ. ಪಾಪ, ಅದು ಅಂಜಿ ಕುಂತಬಿಡ್ತೈತಿ," ಎಂದಳು. ಎಲ್ಲರೂ ಗೊಳ್ಳೆಂದರು. ಆ ನಗು ಚೂಡಾಮಣಿಗೆ ಮೂರು ದಿನ ನಿದ್ದೆ ಕೊಡಲಿಲ್ಲ. ಹೌದು, ಅವಳು ಹತ್ತು ನಿಮಿಷಕ್ಕೊಮ್ಮೆ ಓವನ್ನಿನ ಬಾಗಿಲು ತೆಗೆದು ನೋಡುತ್ತಿದ್ದಳು. ಸಹಿ ಮಾಡಿದ ಫೈಲನ್ನು ಮತ್ತೆ ಮೂರು ಸಲ ತೆರೆದು ನೋಡುತ್ತಿದ್ದವಳು, ಗಂಡನ ಜೇಬನ್ನೂ ಮಗನ ಪುಸ್ತಕದ ಚೀಲವನ್ನೂ ನೋಡುತ್ತಿದ್ದವಳು, ಕತ್ತಲಲ್ಲಿ ಏನೋ ಒಂದು ತನ್ನಷ್ಟಕ್ಕೆ ಬೇಯುತ್ತಿದೆ ಎಂದರೆ ನಂಬಿ ಕೂರುವುದು ಅವಳಿಂದಾಗದ ಕೆಲಸ. ಮನೆಯಲ್ಲಿ ಶರ್ವಾಣಿ ಆ ತಗ್ಗಿಗೆ ಕೆನೆ ತುಂಬಿಕೊಂಡು ತಿಂದು, ಟೇಸ್ಟ್ ಚೆನ್ನಾಗಿದೆ ಅತ್ತೆ, ಅನ್ನುತ್ತಿದ್ದಳು. ಆ ಟೇಸ್ಟ್ ಎಂಬ ಪದದ ಮೇಲೆ ಅವಳು ಹಾಕುತ್ತಿದ್ದ ಒಂದು ಚಿಟಿಕೆ ಒತ್ತು ಚೂಡಾಮಣಿಗೆ ಮಾತ್ರ ಕೇಳಿಸುತ್ತಿತ್ತು.

ಆ ಮನೆಯಲ್ಲಿ ಹಾಲೂಡಿಸುವ ಹುಡುಗಿಯರಿಗೆ ದಿನಕ್ಕೊಂದು ಮೊಟ್ಟೆ ಕೊಡುತ್ತಾರೆ. ಯಾರದೋ ಕೂಸಿನ ಹೆಸರಿಡುವ ದಿನ ಶ್ವೇತಾ ತನ್ನ ಪಾಲಿನವನ್ನು ಕೂಡಿಟ್ಟು ಒಂದು ಕೇಕು ಮಾಡಿದಳು. ಅಡಿಗೆಮನೆಯಲ್ಲಿ ಯಾರೂ ಇಲ್ಲದಾಗ ಚೂಡಾಮಣಿ ಅದರ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಅರವತ್ತೆರಡು ವರ್ಷ ಆ ನಾಲಗೆ ಯಾವುದಕ್ಕೆ ಕಾದಿತ್ತೋ ಅದು ಸಿಕ್ಕ ಹಾಗಾಯಿತು. ಕಣ್ಣು ಮುಚ್ಚಿ ಇನ್ನೊಂದು ತಿಂದಳು. ತೆರೆದರೆ ಬಾಗಿಲಲ್ಲಿ ಶ್ವೇತಾ. ಆ ಹುಡುಗಿ ಏನೂ ಕಾಣದವಳಂತೆ ತಿರುಗಿ ಪಾತ್ರೆ ಉಜ್ಜತೊಡಗಿದಳು. ಮುಂದಿನ ಗುರುವಾರ ಕಪಾಟಿನ ಹಿಂದೆ ಸ್ಟೀಲಿನ ಬಟ್ಟಲೊಂದರಲ್ಲಿ ತಟ್ಟೆ ಮುಚ್ಚಿ ಒಂದು ತುಂಡು ಇತ್ತು. ಅದರ ಮುಂದಿನ ಗುರುವಾರವೂ ಇತ್ತು. ಸ್ನೇಹ ಶುರುವಾದದ್ದು ಹಾಗೆ. ಸೊಸೆಯನ್ನು ಕಂಡರೆ ತನಗೆ ಭಯ ಎಂದು ಚೂಡಾಮಣಿ ಜೀವಮಾನದಲ್ಲಿ ಬಾಯಿಬಿಟ್ಟು ಹೇಳಿಕೊಂಡದ್ದು ಆ ಹುಡುಗಿಯ ಹತ್ತಿರ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡು. ಶ್ವೇತಾ ತನ್ನ ತಾಯಿಯ ಮಾತು ಹೇಳಿದ್ದಳು: ನೀನು ಬಾ, ಅದನ್ನ ತರಬ್ಯಾಡ. ಆದರೂ ಕೂಸಿಗೆ ಆ ತಾಯಿಯ ಹೆಸರನ್ನೇ ಇಟ್ಟಿದ್ದಳು, ಹುಲಿಗೆವ್ವ ಎಂದು. ಹೆಸರು ಕೇಳಿಯಾದರೂ ಅವಳ ಸಿಟ್ಟು ಇಳಿಯಬಹುದೆಂಬ ಆಸೆ. ಹತ್ತು ತಿಂಗಳ ಹುಲಿಗೆವ್ವ ಚೂಡಾಮಣಿ ಬಂದಳೆಂದರೆ ಅಂಬೆಗಾಲಲ್ಲಿ ಓಡಿಬಂದು ಸೀರೆಯ ನೆರಿಗೆ ಹಿಡಿದು ಹಕ್ಕಿಮರಿಯಂತೆ ಬಾಯಿ ತೆರೆಯುತ್ತಿದ್ದಳು. ತನ್ನ ತುಂಡಿನಿಂದ ಒಂದು ಚಿಟಿಕೆ ಮುರಿದು ಅವಳು ಆ ಬಾಯಿಗೆ ಹಾಕುತ್ತಿದ್ದಳು. ಮನೆಗೆ ಹೊರಡುವ ಮುಂಚೆ ಬಾಯಿ ಮುಕ್ಕಳಿಸಿ ಎರಡು ಏಲಕ್ಕಿ ಅಗಿಯುತ್ತಿದ್ದಳು.

ಹುಟ್ಟುಹಬ್ಬಕ್ಕೆ ಹತ್ತು ದಿನ ಮುಂಚೆ, ಮೊಮ್ಮಗಳಿಗೆ ಮೊಟ್ಟೆ ಹಾಕಿದ ಕೇಕೇ ಬೇಕೆಂದು ಚೂಡಾಮಣಿ ಮಾತು ಎತ್ತಿದಾಗ ಶ್ವೇತಾ ಬೇಡವೆಂದೇ ಅಂದಳು. "ತತ್ತಿ ಬ್ಯಾಡ್ರಿ ಅಮ್ಮಾರ. ಮೊಸರಾಗ ಹಂಗ ಉಬ್ಬಿಸಿ ಕೊಡ್ತೀನಿ. ನೀವು ಬಾಗ್ಲಾ ಮುಟ್ಟಬ್ಯಾಡ್ರಿ, ಅಷ್ಟ." ಚೂಡಾಮಣಿ ನಂಬಲಿಲ್ಲ. ಆ ಕೇಕು ಹೇಗೆ ಬರುತ್ತದೆಂದು ಅವಳಿಗೆ ಗೊತ್ತು, ಆ ತಗ್ಗು ಗೊತ್ತು, ಆ ಒತ್ತು ಗೊತ್ತು. "ಒಂದ್ಸಲ ಆದ್ರೂ ಅವ್ಳು ಮಾತಾಡ್ದೆ ತಿನ್ಬೇಕು ಕಣೆ," ಎಂದಳು. "ಯಾರಿಗೆ ಗೊತ್ತಾಗುತ್ತೆ? ನಿನ್ನ ಹೊಟ್ಟೆಯೊಳಗೇ ಇರ್ಲಿ." ಶ್ವೇತಾ ಒಂದು ಕ್ಷಣ ಅವಳ ಮುಖ ನೋಡಿ, ಆಗಲಿ ಎಂದು ತಲೆಯಾಡಿಸಿದಳು. ಆ ವಾರ ತನ್ನ ಪಾಲಿನ ಮೊಟ್ಟೆ ತಿನ್ನಲಿಲ್ಲ. ಶನಿವಾರ ಕೇಕು ಡಬ್ಬಿಗೆ ಇಳಿಸುವಾಗ, ನಿಮ್ಮ ಮೊಮ್ಮಗಳು ಸಣ್ಣವ್ವನಿಗೆ ನಮ್ಮ ಹುಲಿಗೆವ್ವನ ಲೆಕ್ಕದಾಗ ಒಂದು ಮುತ್ತು ಕೊಡ್ರಿ, ಎಂದಿದ್ದಳು. ಚೂಡಾಮಣಿ ಕೊಡಲು ಮರೆತಳು. ಶರ್ವಾಣಿ ಮೊದಲ ತುಂಡು ತಿಂದು ನಿಜಕ್ಕೂ ಮಾತಿಲ್ಲದೆ ಕಣ್ಣರಳಿಸಿದಾಗ, ನಾನೇ ಮುಂದೆ ನಿಂತು ಮಾಡಿಸಿದ್ದು, ಎಂದು ನೆಂಟರಿಷ್ಟರಿಗೆಲ್ಲ ಕೇಳುವಂತೆ ಹೇಳುವುದನ್ನು ಮಾತ್ರ ಮರೆಯಲಿಲ್ಲ.

ಆಟೋ ನಿಂತಿತು. ಮನೆಯ ಮುಂದೆ ಶರ್ವಾಣಿಯ ಕಾರು ನಿಂತಿತ್ತು. ಆಫೀಸಿದೆ, ವಿಚಾರಣೆಗೆ ನಾನು ಬರಲ್ಲ, ನೀವೇ ಹೋಗಿಬನ್ನಿ ಎಂದು ಬೆಳಿಗ್ಗೆ ಹೇಳಿದ್ದವಳು. ಚೂಡಾಮಣಿಯ ಕಾಲು ಮೆಟ್ಟಿಲ ಮೇಲೇ ತಡೆಯಿತು. ದಾರಿಯುದ್ದಕ್ಕೂ ತಾನು ಕಟ್ಟಿದ ಧೈರ್ಯವೆಲ್ಲ ಶರ್ವಾಣಿ ಇಲ್ಲದ ಕೋಣೆಗಾಗಿ ಕಟ್ಟಿದ್ದು ಎಂದು ಆಗ ಗೊತ್ತಾಯಿತು. ಒಳಬಾಗಿಲಲ್ಲಿ ಶ್ವೇತಾ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿಕೊಂಡು, ಒಗೆದ ಚೂಡಿದಾರ ಹಾಕಿಕೊಂಡು, ಪರೀಕ್ಷೆಗೆ ಹೊರಟವಳಂತೆ ನಿಂತಿದ್ದಳು. ನಾಲ್ಕು ದಿನದಿಂದ ಯಾರು ಏನು ಕೇಳಿದರೂ, ಅಮ್ಮಾರು ಬಂದು ಹೇಳ್ತಾರ, ಅನ್ನುವುದೊಂದೇ ಅವಳ ಉತ್ತರವಂತೆ. ಚೂಡಾಮಣಿಯನ್ನು ಕಂಡು ಅವಳ ಮುಖ ಬಿಚ್ಚಿಕೊಂಡಿತು. "ಬಂದ್ರ್ಯಾ? ಈಗ ಧೈರ್ಯ ಬಂತ್ ನೋಡ್ರಿ," ಎಂದಳು. ಹುಲಿಗೆವ್ವ ಅಂಬೆಗಾಲಿಟ್ಟು ಬಂದು ನೆರಿಗೆ ಹಿಡಿದು ಬಾಯಿ ತೆರೆದಳು. ಇವತ್ತು ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಚೂಡಾಮಣಿ ಆ ತೆರೆದ ಬಾಯನ್ನು ನೋಡಿ, ನೆರಿಗೆಯನ್ನು ಮೆಲ್ಲಗೆ ಬಿಡಿಸಿಕೊಂಡು ಒಳಗೆ ಹೋದಳು.

ಮೇಜಿನ ಆಚೆ ಆ ಮನೆ ನೋಡಿಕೊಳ್ಳುವ ಪದ್ಮಶ್ರೀ, ಈಚೆ ಶರ್ವಾಣಿ. ಶರ್ವಾಣಿ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟು ಅತ್ತೆಯನ್ನು ಕೂರಿಸಿದಳು. ಐದು ವರ್ಷದಲ್ಲಿ ಅವಳು ಹಾಗೆ ಎದ್ದು ಜಾಗ ಕೊಟ್ಟದ್ದು ಇದೇ ಮೊದಲು. ನಿಮ್ಮನ್ನ ಒಬ್ಬರನ್ನೇ ಇದಕ್ಕೆ ಕಳಿಸೋಕೆ ಮನಸ್ಸು ಬರಲಿಲ್ಲ ಎಂದು ಮೆಲ್ಲಗೆ ಹೇಳಿದಳು. ಪದ್ಮಶ್ರೀ ಕೆಟ್ಟ ಹೆಂಗಸಲ್ಲ. ರಾತ್ರಿಯೆಲ್ಲ ಯಾರದೋ ಕೂಸಿನ ಜ್ವರಕ್ಕೆ ಎದ್ದಿದ್ದು ಕಣ್ಣು ಕೆಂಪಾಗಿದ್ದವು. ಜೆಪಿ ನಗರದ ಒಂದು ಕೆಫೆಯವರು ಶ್ವೇತಾಳನ್ನು ಒಂದನೇ ತಾರೀಕಿನಿಂದ ಓವನ್ನಿನ ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿದ್ದಾರೆ, ಮಹಡಿಯ ಮೇಲೆ ಕೂಸಿನ ಜೊತೆ ಇರಲು ಕೋಣೆಯನ್ನೂ ಕೊಡುತ್ತಾರೆ, ಈ ಮನೆಯಿಂದ ನಡತೆಯ ಪತ್ರ ಕೊಟ್ಟರೆ ಸಾಕು ಎಂದು ವಿವರಿಸಿದಳು. ಪತ್ರ ಇಲ್ಲದಿದ್ದರೆ ಆ ಕೆಲಸವಿಲ್ಲ. ಈ ಮನೆಯ ಅವಧಿ ಮುಗಿಯಲು ಎರಡು ತಿಂಗಳು. ಅಷ್ಟರಲ್ಲಿ ಕೂಸಿನ ಸಮೇತ ಇಟ್ಟುಕೊಳ್ಳುವ ಕೆಲಸ ಬೇರೆ ಸಿಗದಿದ್ದರೆ ಹುಲಿಗೆವ್ವ ಶಿಶುಗೃಹಕ್ಕೆ ಹೋಗಬೇಕಾಗುತ್ತದೆ. ಇದೆಲ್ಲ ಚೂಡಾಮಣಿಗೆ ಗೊತ್ತಿತ್ತು. ಆ ಕೆಫೆಗೆ ಶ್ವೇತಾಳ ಕೇಕಿನ ಮಾದರಿ ತೆಗೆದುಕೊಂಡು ಹೋಗಿ ಕೊಟ್ಟುಬಂದವಳೇ ಅವಳು.

ಮೊಟ್ಟೆ ಹಾಕಿದ್ದು ನೀನೇನಾ ಎಂದು ಪದ್ಮಶ್ರೀ ಕೇಳಿದಳು. ಹೂಂ ಎಂದಳು ಶ್ವೇತಾ. ಎಲ್ಲಿಂದ ತಂದೆ? ನನ್ನ ಪಾಲಿನವು. ಅವರ ಮನೆಯಲ್ಲಿ ತಿನ್ನಲ್ಲ ಅಂತ ಗೊತ್ತಿತ್ತಾ? ಗೊತ್ತಿತ್ತು. ಮತ್ತೆ ಯಾಕೆ ಹಾಕಿದೆ, ಯಾರು ಹೇಳಿದ್ರು?

"ಅಮ್ಮಾರನ್ನ ಕೇಳ್ರಿ," ಎಂದಳು ಶ್ವೇತಾ.

ಮೇಲಿನ ಅಂತಸ್ತಿನಲ್ಲಿ ಯಾವುದೋ ಕೂಸು ಅಳುತ್ತಿತ್ತು, ಫ್ಯಾನು ಕರಕರ ಅನ್ನುತ್ತಿತ್ತು. ಚೂಡಾಮಣಿ ಬಾಯಿ ತೆರೆದಳು. ನಾಲ್ಕು ಪದ. ಅವು ಅಲ್ಲೇ ಇದ್ದವು, ಹಲ್ಲಿನ ಹಿಂದೆ ಸಾಲಾಗಿ. ಹಾಗೆ ತೆರೆದ ಬಾಯಲ್ಲೇ ಅವಳಿಗೆ ಮುಂದಿನದೆಲ್ಲ ಕಾಣಿಸಿತು: ಶರ್ವಾಣಿ ಇಂದು ಸಂಜೆ ಗಂಡನಿಗೆ ಹೇಳುವುದು, ಮೊಮ್ಮಗಳನ್ನು ತೊಡೆಯಿಂದ ಎತ್ತಿಕೊಳ್ಳುವುದು, ಸೇತುರಾಮ ಊಟದ ತಟ್ಟೆ ಬೇರೆ ಮಾಡಿಕೊಳ್ಳುವುದು, ಬಸವನಗುಡಿಯಿಂದ ಜಯನಗರದವರೆಗೆ ನೆಂಟರೆಲ್ಲ ಅವಳ ಗುರುವಾರಗಳನ್ನು ಎಣಿಸುವುದು. ಅವಳ ಕೈ ಸೆರಗಿಗೆ ಹೋಯಿತು. ಶರ್ವಾಣಿ ಅದನ್ನು ಹಿಡಿದುಕೊಂಡಳು. ಬೆಚ್ಚಗಿನ ಕೈ. ಅದು ತನ್ನನ್ನು ಹಿಡಿದುಕೊಳ್ಳಲಿ ಎಂದು ಅವಳು ಎಷ್ಟು ವರ್ಷದಿಂದ ಆಸೆಪಟ್ಟಿದ್ದಳು.

"ಹಿಟ್ಟು ಕಲಸೋವಾಗ ಒಂದು ಗಳಿಗೆ ನಾನು ಇವಳ ಮಗೂನ ಎತ್ಕೊಂಡು ಹೊರಗಡೆ ಹೋಗಿದ್ದೆ," ಎಂದಳು ಚೂಡಾಮಣಿ. "ನನಗೇನೂ ಗೊತ್ತಾಗ್ಲಿಲ್ಲ. ಆದ್ರೆ ಪದ್ಮಶ್ರೀ, ಹುಡುಗಿ ಚಿಕ್ಕವಳು. ಚೆನ್ನಾಗಿ ಬರ್ಲಿ ಅಂತ ಮಾಡಿರ್ತಾಳೆ, ಕೆಟ್ಟ ಮನಸ್ಸಿಂದ ಅಲ್ಲ. ನಾನಂತೂ ಕ್ಷಮಿಸಿಬಿಟ್ಟಿದೀನಿ. ನೀವೂ ಕ್ಷಮಿಸ್ಬಿಡಿ."

ಆ ಕ್ಷಮೆ ಅವಳ ಬಾಯಿಂದ ಎಷ್ಟು ನಯವಾಗಿ ಇಳಿಯಿತೆಂದರೆ ಹೇಳುವಾಗ ಅವಳ ಕಣ್ಣಲ್ಲಿ ನಿಜವಾದ ನೀರು ಬಂತು. ಶರ್ವಾಣಿಯ ಕಣ್ಣಲ್ಲೂ ಬಂತು. ಪದ್ಮಶ್ರೀ ಕನ್ನಡಕ ತೆಗೆದು ಒರೆಸಿಕೊಂಡು, ನೀವು ಇಷ್ಟು ದೊಡ್ಡ ಮನಸ್ಸು ಮಾಡಿರುವಾಗ ನಾನು ಹೊರಗೆ ಹಾಕುವುದಿಲ್ಲ, ಅವಧಿ ಮುಗಿಯುವವರೆಗೆ ಇರಲಿ ಎಂದಳು. ಆದರೆ ಪತ್ರ ಮಾತ್ರ ಕೊಡಲಾಗುವುದಿಲ್ಲ. ತಿನ್ನುವ ಪದಾರ್ಥದಲ್ಲಿ ಹೇಳದೆ ಕೇಳದೆ ಏನೋ ಬೆರೆಸಿ, ಕೇಳಿದರೆ ಹಿರಿಯರ ಮೇಲೆ ಹಾಕಲು ನೋಡುವವಳನ್ನು ಇನ್ನೊಬ್ಬರ ಅಡಿಗೆಮನೆಗೆ ಯಾವ ಬಾಯಲ್ಲಿ ಒಪ್ಪಿಸಲಿ? ಮಗು ಸತ್ತೇಹೋಗಿದ್ದರೆ? ಆ ಕೊನೆಯ ಮಾತಿಗೆ ಚೂಡಾಮಣಿ ತಲೆ ತಗ್ಗಿಸಿದಳು. ಅದೊಂದು ಮಾತು ಅವಳಿಗೆಂದೇ ಆಡಿದಂತಿತ್ತು, ಆದರೆ ಕೋಣೆಯಲ್ಲಿ ಅದನ್ನು ಬಲ್ಲವಳು ಇನ್ನೊಬ್ಬಳೇ. ಈಗಲೂ ಹೇಳಬಹುದು ಎಂದುಕೊಂಡಳು. ಪದ್ಮಶ್ರೀ ಕ್ಯಾಪು ಹಾಕಿ ಪೆನ್ನು ಕೆಳಗಿಡುವವರೆಗೂ ಹಾಗೆ ಅಂದುಕೊಳ್ಳುತ್ತಲೇ ಇದ್ದಳು.

ಶ್ವೇತಾ ಅಳಲಿಲ್ಲ, ಜಗಳವಾಡಲಿಲ್ಲ. ಚೂಡಾಮಣಿಯನ್ನು ಬಹಳ ಹೊತ್ತು ನೋಡಿದಳು. ಮೊದಲ ದಿನ ಆ ಕುಸಿದ ಕೇಕನ್ನು ಹಾಗೇ ನೋಡಿದ್ದಳು, ಎಲ್ಲಿ ತಪ್ಪಿತು ಎಂದು ಹುಡುಕುವವಳಂತೆ. ಅಮ್ಮನ ಕಾಲಿಗೆ ಬಿದ್ದು ತಪ್ಪಾಯಿತು ಅನ್ನು ಎಂದು ಪದ್ಮಶ್ರೀ ಹೇಳಿದಳು. ಬೇಡ, ಬೇಡ, ಎಂದು ಚೂಡಾಮಣಿ ಕಾಲು ಹಿಂದಕ್ಕೆಳೆದುಕೊಂಡಳು. ಕುರ್ಚಿಯ ಕೆಳಗೆ ಅಷ್ಟು ಜಾಗವಿರಲಿಲ್ಲ. ಶ್ವೇತಾ ಬಗ್ಗಿದಳು. ಎಣ್ಣೆ ಹಚ್ಚಿದ ಬೈತಲೆ ಕಂಡಿತು, ಪಾದಗಳ ಮೇಲೆ ಬಿಸಿ ಕೈಗಳು ಬಂದು ಕೂತವು, ಕೆಳಗಿನಿಂದ ಅವಳೊಬ್ಬಳಿಗೇ ಕೇಳುವಷ್ಟು ಸಣ್ಣ ದನಿ ಬಂತು.

"ಹೊಟ್ಟಿಯೊಳಗ ಇಟ್ಟೀನ್ರಿ, ಮೇಡಂ."

ಅಮ್ಮಾರ ಅನ್ನಲಿಲ್ಲ. ಯಾರಾದರೂ ಕಾಲಿಗೆರಗಿದರೆ ಮೇಲೇಳುವ ಚೂಡಾಮಣಿಯ ಬಲಗೈ, ನಲವತ್ತು ವರ್ಷದ ಅಭ್ಯಾಸದಂತೆ ತಾನಾಗಿ ಎದ್ದು ಆ ಬೈತಲೆಯ ಮೇಲೆ ಕೂತಿತು. "ಒಳ್ಳೇದಾಗ್ಲಿ ಮಗಳೇ," ಎಂದು ಬಾಯಿ ಹೇಳಿತು. ಅವಳು ತಡೆಯುವಷ್ಟರಲ್ಲಿ ಹೇಳಿಯಾಗಿತ್ತು.

ಕಾರಿನಲ್ಲಿ ಶರ್ವಾಣಿ ಎಸಿ ಸಣ್ಣದು ಮಾಡಿ, ಅತ್ತೆ ನಿಮಗೆ ಚಳಿಯಾಗುತ್ತಾ ಎಂದು ಕೇಳಿದಳು. ಅದನ್ನೂ ಮೊದಲ ಸಲ ಕೇಳಿದ್ದು. ನಾನಾಗಿದ್ದರೆ ಪೊಲೀಸ್ ಕಂಪ್ಲೇಂಟ್ ಕೊಟ್ಟಿರುತ್ತಿದ್ದೆ, ನಿಮ್ಮ ಗುಣ ನನಗೆ ಬರಲ್ಲ, ಇಷ್ಟು ದಿನ ನಿಮ್ಮನ್ನ ಸರಿಯಾಗಿ ಅರ್ಥ ಮಾಡಿಕೊಳ್ಳಲಿಲ್ಲ ಎಂದಳು. ಬನಶಂಕರಿಯ ಕಡೆ ತಿರುಗುವ ಬಸ್ಸೊಂದು ಅಡ್ಡ ನಿಂತು ಕಾರು ತಡೆದಾಗ, ಇನ್ನು ಮೇಲೆ ಸಮನ್ವಿತಾಗೆ ಹೊರಗಿನದು ಏನೂ ಬೇಡ, ನೀವು ಕೈಯಾರೆ ಮಾಡಿದ್ದು ಮಾತ್ರ, ನನಗೆ ಇನ್ನು ಯಾರ ಮೇಲೂ ನಂಬಿಕೆಯಿಲ್ಲ ಎಂದೂ ಹೇಳಿದಳು. ಚೂಡಾಮಣಿ ಕಿಟಕಿಯ ಆಚೆ ನೋಡುತ್ತಿದ್ದಳು. ಎದೆಯಲ್ಲಿ ಕಲ್ಲಿಟ್ಟಂತಿತ್ತು, ಆದರೆ ಅದರ ಪಕ್ಕದಲ್ಲೇ, ಹೇಳಲು ನಾಚಿಕೆಯಾಗುವಂಥ ಒಂದು ಸುಖವೂ ಇತ್ತು. ಹೊಗಳಿಕೆ ಹಾಗೆಯೇ. ಎಲ್ಲಿಂದ ಬಂತೆಂದು ಕೇಳದೆ ಅವಳು ಒಳಕ್ಕೆ ಬಿಟ್ಟುಕೊಳ್ಳುತ್ತಿದ್ದಳು.

ಮನೆಯಲ್ಲಿ ಸಮನ್ವಿತಾ ಓಡಿಬಂದು ಕಾಲು ತಬ್ಬಿಕೊಂಡಳು. ಕೆನ್ನೆಯ ಮೇಲೆ ದದ್ದಿನ ಗುರುತು ಇನ್ನೂ ತೆಳ್ಳಗೆ ಇತ್ತು. ಕೇಕು ಬೇಕು ಎಂದಳು. ಎಲ್ಲರೂ ನಕ್ಕರು, ಪಾಪ, ಅವತ್ತು ಹುಟ್ಟುಹಬ್ಬವೇ ಕೆಟ್ಟಿತಲ್ಲ, ಮಾಡಿಕೊಡು ಎಂದು ಸೇತುರಾಮ ಕೂಡ ಹೇಳಿದರು. ಚೂಡಾಮಣಿ ಸೀರೆ ಬದಲಿಸಿ, ಕೈ ತೊಳೆದು, ಮೊಸರು ಕಡೆದು ಹಿಟ್ಟು ಕಲಸಿದಳು. ಕೈ ಎಲ್ಲವನ್ನೂ ತಾನೇ ಮಾಡುತ್ತಿತ್ತು. ಟ್ರೇ ಒಳಗಿಟ್ಟು ಓವನ್ನಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಳು. ಹತ್ತು ನಿಮಿಷವಾಯಿತು. ಕೈ ಎದ್ದಿತು, ಹಿಡಿಯ ತನಕ ಹೋಯಿತು. ಬ್ಯಾಡ್ರಿ, ಅಂಜಿ ಕುಂತಬಿಡ್ತೈತಿ. ಕೈ ಹಿಂದಕ್ಕೆ ಬಂತು. ಸೆರಗಿನಿಂದ ಕೈಗಳೆರಡನ್ನೂ ಸುತ್ತಿ ತೊಡೆಯ ಮೇಲೆ ಒತ್ತಿಕೊಂಡಳು. ಇಪ್ಪತ್ತು ನಿಮಿಷ, ಮೂವತ್ತು ನಿಮಿಷ. ಜೀವಮಾನದಲ್ಲಿ ಮೊದಲ ಸಲ ಅವಳು ಬಾಗಿಲು ತೆಗೆಯದೆ ಕೂತಳು. ಕುಸಿಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ದೇವರೇ, ಇದು ಕುಸಿದುಬಿಡಲಿ. ಕುಸಿದರೆ ಮೊಟ್ಟೆ ಬೇಕೇ ಬೇಕಿತ್ತು ಎಂದಾಗುತ್ತದೆ, ಬೇರೆ ದಾರಿಯಿರಲಿಲ್ಲ ಎಂದಾಗುತ್ತದೆ, ಅಷ್ಟಾದರೂ ಉಳಿಯುತ್ತದೆ.

ಹೊತ್ತು ಮುಗಿದು ಓವನ್ನು ತಾನೇ ಟಿಣ್ ಎಂದಿತು. ತೆಗೆದರೆ ಕೇಕು ಅಂಚಿನಿಂದ ಅಂಚಿಗೆ ಸಮವಾಗಿ, ನಡುವೆ ಒಂದು ಕೂದಲೆಳೆಯಷ್ಟೂ ತಗ್ಗಿಲ್ಲದೆ, ಹೊಂಬಣ್ಣಕ್ಕೆ ತಿರುಗಿ ಎದ್ದು ನಿಂತಿತ್ತು. ಟ್ರೇ ಹೊರಗಿಟ್ಟು ಅವಳು ಮತ್ತೆ ಸ್ಟೂಲಿನ ಮೇಲೆ ಕೂತಳು. ವಾಸನೆಗೆ ಶರ್ವಾಣಿ ಮಗುವನ್ನು ಎತ್ತಿಕೊಂಡು ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದಳು. ಬೆರಳ ತುದಿಯಿಂದ ನಡುವನ್ನು ಮೆಲ್ಲಗೆ ಒತ್ತಿ ಬಿಟ್ಟಳು. ಅದು ಮತ್ತೆ ಮೇಲೆದ್ದಿತು.

"ನೋಡಿ ಅತ್ತೆ," ಎಂದಳು ಶರ್ವಾಣಿ. ದನಿಯಲ್ಲಿ ಈ ಸಲ ಯಾವ ಒತ್ತೂ ಇರಲಿಲ್ಲ. "ಆ ಹುಡುಗಿ ಇಲ್ದೇನೂ ಎಷ್ಟು ಚೆನ್ನಾಗಿ ಬಂದಿದೆ."

ಸಮನ್ವಿತಾ ಅಮ್ಮನ ಕಂಕುಳಿಂದ ಮುಂದಕ್ಕೆ ಬಾಗಿ ಅಜ್ಜಿಯ ಕಡೆ ಬಾಯಿ ತೆರೆದಳು. ಚೂಡಾಮಣಿ ಒಂದು ಚಿಟಿಕೆ ಮುರಿದು, ಊದಿ ಆರಿಸಿ, ಆ ಬಾಯಿಗೆ ಹಾಕಿದಳು.